ಬಾಂದ್ರಾ ಅಂದರೆ ಯಾವ ಬಾಂದ್ರಾ?

"ಮಗ ಬಾಂದ್ರಾದಲ್ಲಿದ್ದಾನಲ್ಲ, ಮತ್ತೆ ಇವರಿಗೇಕೆ ನಮ್ಮ ಸಹಾಯ?"

ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಧರ್ಮಕೇಂದ್ರದ ಸಹಾಯ ಸಮಿತಿಯ ಸಭೆಯಲ್ಲಿ ಈ ಮಾತು ಬಂತು. ಸೋರುವ ಮಾಡಿನ ದುರಸ್ತಿಗೆಂದು ವಿಧವೆ ಬಾಯಮ್ಮ ಒಬ್ಬರು ಅರ್ಜಿ ಕೊಟ್ಟಿದ್ದರು. ವಾಳೆಯ ಗುರಿಕಾರರು ಅರ್ಜಿಯನ್ನು ಓದಿ ಮುಗಿಸುವ ಮೊದಲೇ ಈ ಪ್ರಶ್ನೆ ಎದ್ದಿತು. ಉಳಿದವರು ತಲೆಯಾಡಿಸಿದರು. ನಾವೂ ಆ ಸಭೆಯಲ್ಲಿದ್ದೆವು, ನಾವೂ ತಲೆಯಾಡಿಸಿದೆವು. ಅರ್ಜಿ ಬದಿಗೆ ಸರಿಯಿತು.

ಮಳೆಗಾಲ ಕಳೆದ ಮೇಲೆ ಬೇರೊಂದು ಕೆಲಸಕ್ಕೆ ಮುಂಬಯಿಗೆ ಹೋಗಿದ್ದಾಗ ಆ ಮಗನನ್ನು ಕಾಣುವ ಅವಕಾಶ ಸಿಕ್ಕಿತು. ಬಾಂದ್ರಾ ನಿಲ್ದಾಣದಲ್ಲಿ ಇಳಿದು, ಸೇತುವೆ ಹತ್ತಿ, ಪೂರ್ವದ ಬದಿಗೆ ಇಳಿದೆವು. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಓಣಿ. ಅದರ ಕೊನೆಯಲ್ಲಿ ಕಬ್ಬಿಣದ ಏಣಿ. ಏಣಿಯ ಮೇಲೆ ನಾಲ್ವರು ಹಂಚಿಕೊಂಡಿದ್ದ ಒಂದು ಕೋಣೆ. ಹುಡುಗ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಊಟ, ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲ ಕಳೆದ ಮೇಲೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನ ವಿಳಾಸದಲ್ಲಿ ಬಾಂದ್ರಾ ಎಂದು ಬರೆದದ್ದು ಸುಳ್ಳಲ್ಲ. ನಾವು ಅದನ್ನು ಓದಿದ ರೀತಿ ತಪ್ಪಾಗಿತ್ತು.

ಕರಾವಳಿಯ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ಮುಂಬಯಿಯ ನಂಟು ಇದೆ. ಬಾಂದ್ರಾ, ಖಾರ್, ಸಾಂತಾಕ್ರೂಜ್, ಕುರ್ಲಾ, ಅಂಧೇರಿ, ಮಲಾಡ್ ಎಂಬ ಹೆಸರುಗಳು ನಮ್ಮ ಮನೆಮಾತಿನಲ್ಲೇ ಸೇರಿವೆ. ಈ ಹೆಸರುಗಳ ಜೊತೆಗೆ ಒಂದು ಅಂತಸ್ತಿನ ಪಟ್ಟಿಯನ್ನೂ ನಾವು ತಿಳಿದೋ ತಿಳಿಯದೆಯೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ. ಅಕ್ಕಪಕ್ಕದ ಎರಡು ಉಪನಗರಗಳಲ್ಲಿ ಒಂದು ಸಿರಿವಂತ, ಇನ್ನೊಂದು ಬಡ ಎನಿಸಿಕೊಳ್ಳುವುದು ಹೇಗೆ? ಆ ಅಂತರ ಎಲ್ಲಿಂದ ಬಂತು? ಅದನ್ನು ಅಳೆಯುವ ಸರಿಯಾದ ಅಳತೆ ಯಾವುದು? ಬಾಂದ್ರಾದ ಎರಡು ಬದಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಅರಿಯುವ ಪ್ರಯತ್ನ ಮಾಡೋಣ.

ಒಂದೇ ನಿಲ್ದಾಣ, ಎರಡು ಊರು

ಮುಂಬಯಿಯನ್ನು ಬಲ್ಲವರಿಗೆ ಮಾಹಿಮ್ ಕೊಲ್ಲಿ ಒಂದು ಗಡಿ. ಅದರ ದಕ್ಷಿಣಕ್ಕೆ ಹಳೆಯ ನಗರ, ಉತ್ತರಕ್ಕೆ ಉಪನಗರ. ಆಟೊರಿಕ್ಷಾಗಳು ಇಂದಿಗೂ ಈ ಗಡಿಯ ದಕ್ಷಿಣಕ್ಕೆ ಹೋಗುವಂತಿಲ್ಲ. ಬಾಂದ್ರಾದಿಂದ ನಗರದತ್ತ ಹೊರಟವರು ರಿಕ್ಷಾ ಬಿಟ್ಟು ಟ್ಯಾಕ್ಸಿಯನ್ನೋ ಬಸ್ಸನ್ನೋ ಹಿಡಿಯಬೇಕು. 1990ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಪ್ರತ್ಯೇಕವಾದಾಗ ಬಾಂದ್ರಾವೇ ಅದರ ಆಡಳಿತ ಕೇಂದ್ರವಾಯಿತು.

ಈ ಬಾಂದ್ರಾವನ್ನು ರೈಲು ಹಳಿ ಎರಡಾಗಿ ಸೀಳಿದೆ. ಪಶ್ಚಿಮದ ಪಿನ್ ಕೋಡ್ 400050, ಪೂರ್ವದ್ದು 400051. ಮಹಾನಗರಪಾಲಿಕೆಯ ವಾರ್ಡ್‌ಗಳೂ ಬೇರೆ ಬೇರೆ. ಪಶ್ಚಿಮದಲ್ಲಿ ಸಮುದ್ರ ತೀರ, ಗುಡ್ಡ, ಹಳೆಯ ಚರ್ಚುಗಳು, ಚಿತ್ರನಟರ ಮನೆಗಳಿರುವ ಪಾಲಿ ಹಿಲ್. ಪೂರ್ವದಲ್ಲಿ ಸರಕಾರಿ ನೌಕರರ ಕಾಲೊನಿ, ಖೇರ್‌ವಾಡಿ, ಕಲಾವಿದರ ಕಲಾನಗರ, ಬೆಹ್ರಾಮ್‌ಪಾಡ ಮತ್ತು ಗರೀಬ್ ನಗರದ ಇಕ್ಕಟ್ಟಾದ ಓಣಿಗಳು. ಅದರಾಚೆ ಮಿಠಿ ನದಿಯ ದಡದಲ್ಲಿ ಗಾಜಿನ ಗೋಪುರಗಳ ಬಾಂದ್ರಾ-ಕುರ್ಲಾ ಸಂಕೀರ್ಣ.

"ನಮ್ಮವರು ಬಾಂದ್ರಾದಲ್ಲಿದ್ದಾರೆ" ಎಂದಾಗ ತಿಳಿದವರು "ವೆಸ್ಟಾ, ಈಸ್ಟಾ?" ಎಂದು ಕೇಳುವುದು ಇದೇ ಕಾರಣಕ್ಕೆ. ಸಂಬಂಧ ಕುದುರಿಸುವ ಮಾತುಕತೆಯಲ್ಲಂತೂ ಈ ಎರಡು ಪದಗಳಿಗೆ ವಿಶೇಷ ತೂಕ.

ಪಶ್ಚಿಮ ಬೆಳೆದ ಬಗೆ

ಪಶ್ಚಿಮದ ಸಿರಿ ಇದ್ದಕ್ಕಿದ್ದಂತೆ ಬಂದದ್ದಲ್ಲ. ಒಂದು ಕಾಲದಲ್ಲಿ ಬಾಂದ್ರಾ ಸಾಷ್ಟಿ ದ್ವೀಪದ ತುದಿಯಲ್ಲಿ ಭತ್ತದ ಗದ್ದೆಗಳೂ ಮೀನುಗಾರರ ಕೇರಿಗಳೂ ಇದ್ದ ಹಳ್ಳಿಗಳ ಗುಂಪಾಗಿತ್ತು. ರಣವಾರ್, ಪಾಲಿ, ಚಿಂಬಾಯಿ ಮುಂತಾದ ಆ ಹಳ್ಳಿಗಳ ಹೆಸರು ಇನ್ನೂ ಉಳಿದಿವೆ. ಪೋರ್ಚುಗೀಸರ ಆಳ್ವಿಕೆಯಲ್ಲಿ, 1575ರ ಸುಮಾರಿಗೆ ಇಲ್ಲಿ ಸಂತ ಅಂದ್ರೆಯರ ಚರ್ಚ್ ಕಟ್ಟಲಾಯಿತು. 1730ರ ದಶಕದ ಕೊನೆಯ ಹೊತ್ತಿಗೆ ಸಾಷ್ಟಿ ಮರಾಠರ ಕೈಗೆ ಬಂತು, 1774ರಲ್ಲಿ ಇಂಗ್ಲಿಷರ ವಶವಾಯಿತು.

ಆಗೆಲ್ಲ ಬಾಂದ್ರಾದಿಂದ ಮಾಹಿಮ್‌ಗೆ ನೇರವಾಗಿ ದಾಟಬೇಕಾದರೆ ದೋಣಿಯೇ ಗತಿ. 1845ರಲ್ಲಿ ಮಾಹಿಮ್ ಕೊಲ್ಲಿಗೆ ಅಡ್ಡಲಾಗಿ ಕಟ್ಟೆರಸ್ತೆ ತೆರೆಯಿತು. ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ಅವರ ಪತ್ನಿ ಅವಾಬಾಯಿ ಅದಕ್ಕಾಗಿ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು ದಾನ ನೀಡಿದರು. ಜನರಿಂದ ಸುಂಕ ವಸೂಲಿ ಮಾಡಬಾರದು ಎಂಬುದು ಅವರ ಷರತ್ತು. 1867ರಲ್ಲಿ ಲೋಕಲ್ ರೈಲಿನ ಸೇವೆ ಆರಂಭವಾಯಿತು. 1896ರಲ್ಲಿ ಪ್ಲೇಗ್ ಬಂದಾಗ ನಗರದ ಇಕ್ಕಟ್ಟಿನಿಂದ ಓಡಿಬಂದ ಅನುಕೂಲಸ್ಥರಿಗೆ ಬಾಂದ್ರಾದ ಗಾಳಿ ಬೆಳಕು ಹಿತವೆನಿಸಿತು. ದಾರಿ, ರೈಲು, ಶುದ್ಧ ಗಾಳಿ ಮೂರೂ ಸೇರಿ ಪಶ್ಚಿಮದ ಭೂಮಿಗೆ ಬೆಲೆ ತಂದವು.

ಇನ್ನೂ ಒಂದು ಮುಖ್ಯ ಕಾರಣವಿದೆ, ಅದಕ್ಕೆ ನಮ್ಮ ಕರಾವಳಿಯ ನೇರ ನಂಟು ಇದೆ. 1915ರಲ್ಲಿ ಕೆನರಾದ ಸಾರಸ್ವತರು ಮುಂಬಯಿಯ ಗಾಂವ್‌ದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಏಷ್ಯಾದಲ್ಲೇ ಈ ಬಗೆಯ ಮೊದಲ ಸಂಘಗಳಲ್ಲಿ ಅದೂ ಒಂದು. ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ ಅವರು ಅದರ ಮುಂದಾಳು. ಸಣ್ಣ ಸಂಬಳದ ಗುಮಾಸ್ತರು ಪಾಲುಹಣ ಹಾಕಿ, ಒಗ್ಗಟ್ಟಿನಿಂದ ಸಾಲ ಪಡೆದು, ಸ್ವಂತ ಸೂರು ಮಾಡಿಕೊಳ್ಳಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಮೂರೇ ವರ್ಷದಲ್ಲಿ, 1918ರಲ್ಲಿ, ಬಾಂದ್ರಾದಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು.

ಅಂದು ಪಾಲುಹಣ ಹಾಕಿದವರು ಕೋಟ್ಯಧಿಪತಿಗಳಾಗಿರಲಿಲ್ಲ. ಅವರಲ್ಲಿ ಇದ್ದದ್ದು ಮೂರು ಅನುಕೂಲಗಳು: ತಿಂಗಳು ತಿಂಗಳು ಬರುವ ಸಂಬಳ, ಸಂಘಕ್ಕೆ ಸೇರಿಸುವ ಪರಿಚಯ, ಮತ್ತು ಕಾಲ. ನೂರು ವರ್ಷ ಕಳೆದಾಗ ಆ ಜಾಗಗಳ ಬೆಲೆ ಊಹೆಗೂ ಮೀರಿ ಏರಿತು. ಮೊಮ್ಮಕ್ಕಳು ಹುಟ್ಟುವಾಗಲೇ ಬಾಂದ್ರಾ ಪಶ್ಚಿಮದವರು ಎನಿಸಿಕೊಂಡರು. ಅಜ್ಜನಷ್ಟೇ ಶ್ರಮಪಟ್ಟು, ಐವತ್ತು ವರ್ಷ ತಡವಾಗಿ ಬಂದವರಿಗೆ ಆ ಬಾಗಿಲು ಮುಚ್ಚಿತ್ತು.

ಪೂರ್ವದ ಕಥೆಯೇ ಬೇರೆ

ಹಳಿಯ ಪೂರ್ವಕ್ಕೆ ತಗ್ಗು ಭೂಮಿ. ಮಿಠಿ ನದಿಯ ಉಬ್ಬರದ ನೀರು ಬಂದು ನಿಲ್ಲುವ ಕೆಸರು, ಕಾಂಡ್ಲಾ ಗಿಡಗಳು. ಹಣವಿದ್ದವರು ಅಲ್ಲಿ ಜಾಗ ಕೊಳ್ಳಲು ಮನಸ್ಸು ಮಾಡಲಿಲ್ಲ. ಸ್ವಾತಂತ್ರ್ಯದ ನಂತರ ಸರಕಾರ ಅಲ್ಲಿ ತನ್ನ ನೌಕರರಿಗೆ ವಸತಿ ಕಟ್ಟಿತು, ಗೃಹನಿರ್ಮಾಣ ಮಂಡಳಿ ಮಧ್ಯಮ ಮತ್ತು ಕಡಿಮೆ ಆದಾಯದವರಿಗೆ ಮನೆಗಳನ್ನು ಕಟ್ಟಿತು. ಉಳಿದ ಕೆಸರಿನಲ್ಲಿ ಕೂಲಿಗಾಗಿ ಬಂದವರು ಕಲ್ಲು, ಮಣ್ಣು, ಕಸ ತುಂಬಿಸಿ ನೆಲ ಗಟ್ಟಿ ಮಾಡಿಕೊಂಡು ಜೋಪಡಿ ಹಾಕಿದರು. ಬೆಹ್ರಾಮ್‌ಪಾಡ ಬೆಳೆದದ್ದು ಹೀಗೆ. ನೆಲವನ್ನು ನೆಲವಾಗಿಸಿದವರು ಅವರೇ ಆದರೂ ಆ ನೆಲದ ಕಾಗದ ಅವರ ಹೆಸರಿನಲ್ಲಿರಲಿಲ್ಲ.

ಕಾಗದವಿಲ್ಲದಿದ್ದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಮನೆ ಗಟ್ಟಿಯಾಗಿ ಕಟ್ಟಲು ಧೈರ್ಯ ಬರುವುದಿಲ್ಲ. ನಾಳೆ ತೆರವುಗೊಳಿಸುತ್ತಾರೋ ಎಂಬ ಭಯ ತಪ್ಪುವುದಿಲ್ಲ. ನೀರಿನ ಲೆಕ್ಕವೂ ಬೇರೆ. ಮುಂಬಯಿ ಮಹಾನಗರಪಾಲಿಕೆ ಅನುಸರಿಸುತ್ತ ಬಂದ ಅಳತೆಯಲ್ಲಿ ಕಟ್ಟಡಗಳ ನಿವಾಸಿಗೆ ದಿನಕ್ಕೆ ತಲಾ 135 ಲೀಟರ್, ಕೊಳೆಗೇರಿಯ ನಿವಾಸಿಗೆ 45 ಲೀಟರ್. ಅನಧಿಕೃತ ಜೋಪಡಿಯಲ್ಲಿದ್ದವರಿಗೂ ನೀರು ಪಡೆಯುವ ಹಕ್ಕಿದೆ ಎಂದು ಮುಂಬಯಿ ಉಚ್ಚ ನ್ಯಾಯಾಲಯ ಹೇಳಬೇಕಾಗಿ ಬಂದದ್ದು 2014ರಲ್ಲಿ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಜನಸಂಖ್ಯೆಯಲ್ಲಿ ಶೇ. 41ರಷ್ಟು ಮಂದಿ ಕೊಳೆಗೇರಿಗಳಲ್ಲಿದ್ದರು. ಎಂದರೆ ಇದು ಮೂಲೆಯಲ್ಲಿರುವ ನಾಲ್ಕು ಮನೆಗಳ ಮಾತಲ್ಲ, ನಗರದ ಸುಮಾರು ಐವರಲ್ಲಿ ಇಬ್ಬರ ಮಾತು.

ಕೆಸರು ಚಿನ್ನವಾದಾಗ

ಆದರೆ ಪೂರ್ವದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದಕ್ಷಿಣ ಮುಂಬಯಿಯ ಕಚೇರಿಗಳ ದಟ್ಟಣೆಯನ್ನು ತಗ್ಗಿಸಲೆಂದು 1977ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಯೋಜನೆಯನ್ನು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಒಪ್ಪಿಸಲಾಯಿತು. ಮಿಠಿ ದಡದ ಸುಮಾರು 370 ಹೆಕ್ಟೇರ್ ತಗ್ಗು ಪ್ರದೇಶ ಅದು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಅಲ್ಲಿಗೆ ಬಂತು, 2010ರಲ್ಲಿ ವಜ್ರದ ವ್ಯಾಪಾರಿಗಳ ಭಾರತ್ ಡೈಮಂಡ್ ಬೋರ್ಸ್ ತೆರೆಯಿತು, 2011ರಲ್ಲಿ ಅಮೆರಿಕದ ದೂತಾವಾಸ ಸ್ಥಳಾಂತರಗೊಂಡಿತು. 2024ರ ಅಕ್ಟೋಬರಿನಲ್ಲಿ ಭೂಗತ ಮೆಟ್ರೊ ರೈಲೂ ತಲುಪಿತು.

2019ರಲ್ಲಿ ಜಪಾನಿನ ಸುಮಿಟೊಮೊ ಸಂಸ್ಥೆಯ ಅಂಗಸಂಸ್ಥೆ ಅಲ್ಲಿನ ಸುಮಾರು ಮೂರು ಎಕರೆ ನಿವೇಶನವನ್ನು ಗುತ್ತಿಗೆಗೆ ಪಡೆಯಲು 2,238 ಕೋಟಿ ರೂಪಾಯಿ ಕೊಟ್ಟಿತು. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಸೆಂಟ್ಸ್ ಒಂದಕ್ಕೆ ಏಳು ಕೋಟಿ ರೂಪಾಯಿಗೂ ಮಿಕ್ಕಿ!

ಈಗ ಯೋಚಿಸೋಣ. ಬಾಂದ್ರಾ ಪೂರ್ವ ಸಿರಿವಂತವೋ ಬಡವೋ? ಭೂಮಿಯ ಬೆಲೆ ನೋಡಿದರೆ ದೇಶದಲ್ಲೇ ಅತಿ ದುಬಾರಿ ಜಾಗಗಳಲ್ಲಿ ಒಂದು. ನೀರಿನ ಕೊಡ ನೋಡಿದರೆ ಉತ್ತರ ಬೇರೆ. ಹಾಗೆಯೇ ಪಶ್ಚಿಮದಲ್ಲಿ ಪಾಲಿ ಹಿಲ್‌ನ ಬಂಗಲೆಗೂ ಚಿಂಬಾಯಿಯ ಮೀನುಗಾರನ ಮನೆಗೂ ನಡೆದುಹೋಗುವಷ್ಟೇ ದೂರ. ಎರಡಕ್ಕೂ ವಿಳಾಸ ಬಾಂದ್ರಾ ಪಶ್ಚಿಮವೇ. ಹಳಿಯ ಒಂದು ಬದಿ ಸಿರಿವಂತರದ್ದು, ಇನ್ನೊಂದು ಬಡವರದ್ದು ಎಂಬ ನಮ್ಮ ಸುಲಭ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಆದಾಯ, ಆಸ್ತಿ, ಅಂತಸ್ತು: ಮೂರೂ ಒಂದಲ್ಲ

ಈ ಗೊಂದಲಕ್ಕೆ ಕಾರಣ, ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಎಂದು ತಿಳಿಯುವುದು.

ಆದಾಯ ಎಂದರೆ ತಿಂಗಳು ತಿಂಗಳು ಕೈಗೆ ಬರುವುದು. ಆಸ್ತಿ ಎಂದರೆ ಸಾಲ ಕಳೆದು ಉಳಿಯುವ ಮನೆ, ಜಾಗ, ಚಿನ್ನ, ಠೇವಣಿ. ಬಾವಿಯ ಒರತೆಗೂ ಬಾವಿಯಲ್ಲಿ ನಿಂತ ನೀರಿಗೂ ಇರುವ ವ್ಯತ್ಯಾಸ ಇದು. ಅಂತಸ್ತು ಎಂಬುದು ಇವೆರಡಕ್ಕಿಂತಲೂ ಭಿನ್ನ. ಅದು ಇತರರ ಕಣ್ಣಿನಲ್ಲಿ ಇರುವಂಥದ್ದು. ವಿಳಾಸ, ಮಾತನಾಡುವ ಇಂಗ್ಲಿಷ್, ಕಲಿತ ಶಾಲೆ, ಮನೆತನದ ಹೆಸರು ಇವುಗಳಿಂದ ಅದು ಹುಟ್ಟುತ್ತದೆ.

ಬಾಂದ್ರಾ ಪಶ್ಚಿಮದ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗಿರುವ ವೃದ್ಧ ದಂಪತಿಯನ್ನು ಕಲ್ಪಿಸಿಕೊಳ್ಳೋಣ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಮುಂಬಯಿಯ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟದಲ್ಲೇ ಹಿಡಿದಿಟ್ಟಿತ್ತು. ಹೀಗಾಗಿ ಹಳೆಯ ಬಾಡಿಗೆದಾರರಲ್ಲಿ ಎಷ್ಟೋ ಮಂದಿ ಇಂದಿಗೂ ಕೆಲವೇ ನೂರು ರೂಪಾಯಿ ಬಾಡಿಗೆ ಕೊಡುತ್ತಾರೆ. ಈ ದಂಪತಿಯ ಅಂತಸ್ತು ದೊಡ್ಡದು, ವಿಳಾಸ ಹೇಳಿದರೆ ಸಾಕು. ಆದರೆ ಆದಾಯ ಸಣ್ಣ ಪಿಂಚಣಿ. ಮನೆ ಸ್ವಂತದ್ದಲ್ಲ. ಮಾಲೀಕನಿಗೆ ಬರುವ ಬಾಡಿಗೆಯಿಂದ ದುರಸ್ತಿ ಮಾಡಿಸಲಾಗದು, ಆದ್ದರಿಂದ ಗೋಡೆಯಲ್ಲಿ ಬಿರುಕು. ಬಿಲ್ಡರ್ ಬಂದು ಕಾಗದ ಮುಂದಿಟ್ಟಾಗ ಓದಿ ಹೇಳುವವರಿಲ್ಲ. ಮಕ್ಕಳು ವಿದೇಶದಲ್ಲಿ. ಔಷಧದ ಅಂಗಡಿಯಲ್ಲಿ ಅರ್ಧ ಚೀಟಿಯ ಮದ್ದು ಮಾತ್ರ ಕೊಳ್ಳುವ ಇಂಥವರನ್ನು ಯಾರೂ ಬಡವರೆಂದು ಗುರುತಿಸುವುದಿಲ್ಲ.

ಇನ್ನು ಹಳಿಯಾಚೆ ಚರ್ಮದ ಚೀಲ ಹೊಲಿಯುವ ಸಣ್ಣ ಉದ್ಯಮಿಯನ್ನು ಕಲ್ಪಿಸಿಕೊಳ್ಳಿ. ತಿಂಗಳ ಆದಾಯ ಆ ದಂಪತಿಗಿಂತ ನಾಲ್ಕೈದು ಪಟ್ಟು ಇರಬಹುದು. ಆದರೆ ಜಾಗದ ಕಾಗದವಿಲ್ಲ, ಒಂದು ಬೆಂಕಿ ಅಥವಾ ಒಂದು ಕಾಯಿಲೆ ಬಂದರೆ ಹಿಡಿದುಕೊಳ್ಳಲು ಏನೂ ಇಲ್ಲ. ವಿಳಾಸ ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುತ್ತದೆ. ಇವರಿಬ್ಬರಲ್ಲಿ ಯಾರು ಸಿರಿವಂತರು? ಒಂದೇ ಪದದ ಉತ್ತರ ಸಾಧ್ಯವಿಲ್ಲ.

ಸರಾಸರಿ ಎಂಬ ಮೋಸ

ಊರೂರನ್ನು ಹೋಲಿಸುವಾಗ ಪತ್ರಿಕೆಗಳಲ್ಲಿ ಸರಾಸರಿ ಆದಾಯ ಎಂಬ ಮಾತು ಬರುತ್ತದೆ. ಅದನ್ನು ಎಚ್ಚರದಿಂದ ಓದಬೇಕು. ಒಂದು ಓಣಿಯಲ್ಲಿ ಹತ್ತು ಮನೆಗಳಿವೆ ಎನ್ನೋಣ. ಒಂಬತ್ತು ಮನೆಗಳ ತಿಂಗಳ ಆದಾಯ ತಲಾ 30,000 ರೂಪಾಯಿ. ಹತ್ತನೆಯ ಮನೆಗೆ 10 ಲಕ್ಷ. ಒಟ್ಟು 12,70,000. ಹತ್ತರಿಂದ ಭಾಗಿಸಿದರೆ ಸರಾಸರಿ 1,27,000 ರೂಪಾಯಿ. ಆದರೆ ಆ ಓಣಿಯಲ್ಲಿ ಒಂದೇ ಒಂದು ಮನೆಗೂ 1,27,000 ರೂಪಾಯಿ ಬರುವುದಿಲ್ಲ!

ಬದಲಾಗಿ, ಹತ್ತೂ ಮನೆಗಳನ್ನು ಕಡಿಮೆ ಆದಾಯದಿಂದ ಹೆಚ್ಚಿನದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನ ಮನೆಯನ್ನು ಕೇಳಿದರೆ ಅದು 30,000 ಎನ್ನುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ಮಧ್ಯಾಂಕ ಎನ್ನುತ್ತಾರೆ. ಸಾಮಾನ್ಯ ಜನರ ಸ್ಥಿತಿ ತಿಳಿಯಲು ಇದು ಹೆಚ್ಚು ನಂಬಲರ್ಹ. ನಮ್ಮ ವಾಳೆಗಳನ್ನು ಅನುಕೂಲದ ವಾಳೆ, ಬಡ ವಾಳೆ ಎಂದು ಗುರುತಿಸುವಾಗಲೂ ಇದೇ ತಪ್ಪು ನಡೆಯುತ್ತದೆ. ಎರಡು ವಿದೇಶಿ ಸಂಬಳದ ಮನೆಗಳು ಇಡೀ ವಾಳೆಯ ಹೆಸರನ್ನು ಬದಲಿಸಿಬಿಡುತ್ತವೆ. ಉಳಿದ ಹದಿನೆಂಟು ಮನೆಗಳು ಆ ಹೆಸರಿನ ಹಿಂದೆ ಮರೆಯಾಗುತ್ತವೆ.

ಉಚಿತ ಮನೆಯ ಲೆಕ್ಕ

ಅಂತರವನ್ನು ತಗ್ಗಿಸಲು ಮಹಾರಾಷ್ಟ್ರ ಸರಕಾರ 1995ರಲ್ಲಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರವನ್ನು ರಚಿಸಿತು. ಇದರ ಕ್ರಮ ಹೀಗಿದೆ: ನಿಗದಿತ ದಿನಾಂಕಕ್ಕಿಂತ ಮೊದಲಿನಿಂದ ಇದ್ದವರಿಗೆ ಬಿಲ್ಡರ್ ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡ ಕಟ್ಟಿ ಉಚಿತ ಮನೆ ಕೊಡಬೇಕು. ಪ್ರತಿಯಾಗಿ ಉಳಿದ ಜಾಗದಲ್ಲಿ ಹೆಚ್ಚುವರಿ ಮಹಡಿಗಳನ್ನು ಕಟ್ಟಿ ಮಾರುಕಟ್ಟೆ ಬೆಲೆಗೆ ಮಾರಬಹುದು. ಮನೆಯ ವಿಸ್ತೀರ್ಣ ಆರಂಭದಲ್ಲಿ 225 ಚದರ ಅಡಿ ಇತ್ತು, ನಂತರ 269ಕ್ಕೆ, ಮುಂದೆ 300ಕ್ಕೆ ಏರಿತು.

ಕೊಳೆಗೇರಿಯಿಂದ ಪಕ್ಕಾ ಮನೆಗೆ ಹೋದ ಕುಟುಂಬಕ್ಕೆ ಸ್ವಂತ ಶೌಚಾಲಯ, ಸ್ವಂತ ನಲ್ಲಿ, ಹೆಸರಿನಲ್ಲೊಂದು ಕಾಗದ ಸಿಗುವುದು ಸಣ್ಣ ಮಾತಲ್ಲ. ಮಳೆಗಾಲದಲ್ಲಿ ಹೆಣ್ಣುಮಕ್ಕಳು ಸಾರ್ವಜನಿಕ ಶೌಚಾಲಯದ ಮುಂದೆ ಸರದಿ ನಿಲ್ಲುವ ಕಷ್ಟವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಹೊಸ ಕಷ್ಟಗಳೂ ಉಂಟು. ಲಿಫ್ಟ್, ಪಂಪ್, ಸೊಸೈಟಿಯ ತಿಂಗಳ ಖರ್ಚು ಈಗ ಕುಟುಂಬದ ತಲೆಯ ಮೇಲೆ. ನೆಲದಲ್ಲಿದ್ದಾಗ ಮನೆಯ ಮುಂದೆಯೇ ನಡೆಯುತ್ತಿದ್ದ ಇಡ್ಲಿ ಮಾರಾಟ, ಇಸ್ತ್ರಿ ಕೆಲಸ ಹತ್ತನೆಯ ಮಹಡಿಯಲ್ಲಿ ನಡೆಯದು. ಬಾಡಿಗೆಗಿದ್ದವರಿಗೆ, ದಿನಾಂಕದ ನಂತರ ಬಂದವರಿಗೆ ಉಚಿತ ಮನೆಯ ಪಾಲಿಲ್ಲ. ನಾವು ಕಂಡ ಹುಡುಗನಂತೆ ಏಣಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರ ಹೆಸರು ಈ ಪಟ್ಟಿಯಲ್ಲಿ ಬರುವುದೇ ಇಲ್ಲ.

ನಮ್ಮೊಳಗಿನ ಮೇಲು ಕೀಳು

ಅಂತಸ್ತಿನ ಗೆರೆಗಳು ಹಳಿಯ ಆಚೆ ಈಚೆ ಮಾತ್ರ ಇಲ್ಲ. ಮುಂಬಯಿಯ ಕ್ರೈಸ್ತರ ನಡುವೆಯೂ ಅವು ಇದ್ದವು. ಸಾಷ್ಟಿ, ವಸಾಯಿಯ ಮೂಲನಿವಾಸಿ ಕ್ರೈಸ್ತರು ತಮ್ಮನ್ನು ಈಸ್ಟ್ ಇಂಡಿಯನ್ ಎಂದು ಕರೆದುಕೊಂಡದ್ದು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ. ಗೋವಾ ಮತ್ತು ಮಂಗಳೂರಿನಿಂದ ಬಂದ ಕ್ರೈಸ್ತರು ಕಂಪನಿ, ರೈಲ್ವೆ ಕಚೇರಿಗಳ ಕೆಲಸಕ್ಕೆ ಪೈಪೋಟಿ ನೀಡುತ್ತಿದ್ದ ಕಾಲ ಅದು. ತಾವು ಈ ಮಣ್ಣಿನವರು, ಹಳಬರು ಎಂದು ತೋರಿಸಿಕೊಳ್ಳುವ ಅಗತ್ಯ ಅವರಿಗೆ ಕಂಡಿತು. ಅಂದು ಹೊಸಬರೆನಿಸಿಕೊಂಡವರಲ್ಲಿ ನಮ್ಮ ಹಿರಿಯರೂ ಇದ್ದರು.

ಈಗ ಸ್ಥಿತಿ ತಿರುಗಿದೆ. ಹಲವು ಮೂಲನಿವಾಸಿ ಕುಟುಂಬಗಳ ಗದ್ದೆ ಹೋಗಿದೆ, ಹಳ್ಳಿಮನೆಗಳ ಸುತ್ತ ಗೋಪುರಗಳು ಎದ್ದಿವೆ. ನಿನ್ನೆಯ ಹೊಸಬರು ಇಂದಿನ ಹಳಬರಾಗಿ ಇನ್ನೊಬ್ಬ ಹೊಸಬನನ್ನು ನೋಡಿ "ಇವನು ಎಲ್ಲಿಯವನು?" ಎಂದು ಕೇಳುತ್ತಾರೆ. ನಮ್ಮ ಅಜ್ಜಂದಿರು ಟ್ರಂಕು ಹೊತ್ತು ಹಡಗಿನಿಂದ ಇಳಿದಾಗ ಎದುರಿಸಿದ್ದೂ ಇದೇ ಪ್ರಶ್ನೆಯನ್ನು ಎಂಬುದು ಮರೆತುಹೋಗುತ್ತದೆ.

ನೀರು ತೋರಿಸಿದ ಸತ್ಯ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್. ಮಿಠಿ ನದಿ ಉಕ್ಕಿ ಹರಿಯಿತು. ದಡವನ್ನು ತುಂಬಿಸಿ ನದಿಯ ಹರಿವನ್ನು ಕಿರಿದುಗೊಳಿಸಿದ್ದೂ ಅನಾಹುತಕ್ಕೆ ಕಾರಣ ಎಂದು ನಂತರ ತಜ್ಞರು ಎತ್ತಿ ತೋರಿಸಿದರು. ತುಂಬಿಸಿದವರಲ್ಲಿ ಜೋಪಡಿಯವರಿದ್ದರು, ದೊಡ್ಡ ಸಂಕೀರ್ಣ ಕಟ್ಟಿದವರೂ ಇದ್ದರು.

ಅಂದು ನೆರೆಯ ನೀರು ಸಿರಿವಂತರ ಕಾರನ್ನೂ ಬಡವರ ಒಲೆಯನ್ನೂ ಮುಳುಗಿಸಿತು. ಮೇಲ್ನೋಟಕ್ಕೆ ಎಲ್ಲರೂ ಸಮಾನರಾದರು. ಆದರೆ ನೀರು ಇಳಿದ ಮೇಲೆ ಅಂತರ ಮತ್ತೆ ಕಾಣಿಸಿತು. ವಿಮೆ ಇದ್ದವರು ಹೊಸ ಕಾರು ತಂದರು. ಹೊಲಿಗೆ ಯಂತ್ರ ಕಳೆದುಕೊಂಡವರು ಬಡ್ಡಿಗೆ ಸಾಲ ತಂದರು. ಪಡಿತರ ಚೀಟಿ ತೇಲಿಹೋದವರು ಅಲ್ಲೇ ವಾಸವಿದ್ದೆವೆಂದು ರುಜುವಾತು ಮಾಡಲು ಅಲೆದರು. ಆಸ್ತಿ ಎಂಬುದರ ನಿಜವಾದ ಅರ್ಥ ಇಲ್ಲಿ ತಿಳಿಯುತ್ತದೆ. ಬಿದ್ದಾಗ ಮತ್ತೆ ಏಳಲು ಇರುವ ಆಸರೆಯೇ ಆಸ್ತಿ.

ನಮ್ಮ ಊರಿಗೆ ಬಂದರೆ

ಇದೆಲ್ಲ ಮುಂಬಯಿಯ ಮಾತು ಎಂದು ಬದಿಗಿಡುವಂತಿಲ್ಲ. ನಮ್ಮ ಕರಾವಳಿಯ ಪಟ್ಟಣಗಳ ಸುತ್ತಲೂ ಉಪನಗರಗಳು ಬೆಳೆಯುತ್ತಿವೆ. ಹೆದ್ದಾರಿಯ ಒಂದು ಬದಿಯಲ್ಲಿ ಫ್ಲ್ಯಾಟುಗಳು, ಇನ್ನೊಂದು ಬದಿಯಲ್ಲಿ ಐದು ಸೆಂಟ್ಸ್ ಮನೆಗಳು. ಒಂದೇ ಧರ್ಮಕೇಂದ್ರದ ಎರಡು ವಾಳೆಗಳ ನಡುವೆ ಅಂತಸ್ತಿನ ಗೆರೆ ಎಳೆಯಲಾಗುತ್ತಿದೆ. ಹಬ್ಬದ ವಂತಿಗೆ ನಿರ್ಧರಿಸುವಾಗ, ವಿದ್ಯಾರ್ಥಿವೇತನಕ್ಕೆ ಹೆಸರು ಸೂಚಿಸುವಾಗ, ಮನೆ ದುರಸ್ತಿಗೆ ನೆರವು ಕೊಡುವಾಗ, ಕೊನೆಗೆ ಹೆಣ್ಣು ಗಂಡು ನೋಡುವಾಗಲೂ ವಿಳಾಸವೇ ಮೊದಲು ಮಾತನಾಡುತ್ತದೆ.

ಸಹಾಯ ಸಮಿತಿಗಳಲ್ಲಿ, ವಾಳೆಗಳಲ್ಲಿ ದುಡಿಯುವವರು ಒಂದು ಕುಟುಂಬದ ಸ್ಥಿತಿ ತಿಳಿಯಬೇಕಾದರೆ ವಿಳಾಸದ ಬದಲು ನಾಲ್ಕು ವಿಷಯಗಳನ್ನು ಕೇಳಿ ನೋಡಬಹುದು.

ಒಂದು, ಮನೆ ಮತ್ತು ಜಾಗ ಯಾರ ಹೆಸರಿನಲ್ಲಿದೆ? ಅದರ ಮೇಲೆ ಸಾಲವಿದೆಯೇ? ದೊಡ್ಡ ಮನೆ ಎಂದ ಮಾತ್ರಕ್ಕೆ ಅದು ಅಲ್ಲಿರುವವರದ್ದು ಎಂದಲ್ಲ. ಪಾಲಾಗದ ಹಳೆಯ ಮನೆಯಲ್ಲಿ ಕಾವಲುಗಾರರಂತೆ ಉಳಿದವರೂ ಇದ್ದಾರೆ.

ಎರಡು, ತಿಂಗಳಿಗೆ ನಿಶ್ಚಿತವಾಗಿ ಬರುವುದೆಷ್ಟು, ಅದನ್ನು ನಂಬಿದವರು ಎಷ್ಟು ಮಂದಿ? ಮಗ ಮುಂಬಯಿಯಲ್ಲಿ, ಗಲ್ಫಿನಲ್ಲಿ ಇದ್ದಾನೆ ಎಂಬುದು ಆದಾಯವಲ್ಲ. ಮನೆಗೆ ಬರುವ ಹಣ ಆದಾಯ.

ಮೂರು, ಕುಡಿಯುವ ನೀರು, ಶೌಚಾಲಯ, ಮಕ್ಕಳು ಓದಲು ಕುಳಿತುಕೊಳ್ಳುವ ಜಾಗ ಹೇಗಿದೆ? ಇದನ್ನು ಕಾಗದದಲ್ಲಿ ಕೇಳಿದರೆ ತಿಳಿಯದು, ಮನೆಗೆ ಹೋದರೆ ತಿಳಿಯುತ್ತದೆ.

ನಾಲ್ಕು, ಇಂದು ರಾತ್ರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಯಾರನ್ನು ಕರೆಯುತ್ತಾರೆ, ಹಣ ಎಲ್ಲಿಂದ ತರುತ್ತಾರೆ? ಇದಕ್ಕೆ ಉತ್ತರವಿಲ್ಲದ ಮನೆ ಎಷ್ಟೇ ಒಳ್ಳೆಯ ರಸ್ತೆಯಲ್ಲಿದ್ದರೂ ಕಷ್ಟದಲ್ಲಿರುವ ಮನೆಯೇ.

ಈ ಪ್ರಶ್ನೆಗಳನ್ನು ತನಿಖಾಧಿಕಾರಿಯಂತೆ ಕೇಳಬಾರದು. ಅಂಗಳದಲ್ಲಿ ಕುಳಿತು, ಕ್ಷೇಮಸಮಾಚಾರ ವಿಚಾರಿಸುತ್ತ ಕೇಳಿದರೆ ಜನ ಹೇಳುತ್ತಾರೆ. ಹೇಳಿದ್ದು ಸಮಿತಿಯ ಕೋಣೆಯಿಂದ ಹೊರಗೆ ಹೋಗಬಾರದು. ಬಡತನವನ್ನು ಬಾಯಿಬಿಟ್ಟು ಹೇಳಲು ನಾಚುವವರು ಒಳ್ಳೆಯ ವಿಳಾಸದವರೇ ಹೆಚ್ಚು ಎಂಬುದೂ ನೆನಪಿನಲ್ಲಿರಲಿ.

ತಲ್ಮಕಿಯವರ ಕಾಲದ ಪಾಠವೂ ಇಂದಿಗೆ ಹಳತಾಗಿಲ್ಲ. ಸಣ್ಣ ಸಂಬಳದವರು ಒಗ್ಗೂಡಿ ಸೂರು ಕಟ್ಟಿಕೊಂಡದ್ದು ಯಾರ ದಾನದಿಂದಲೂ ಅಲ್ಲ, ಸಕಾಲದಲ್ಲಿ ಸಿಕ್ಕ ಸಾಲದಿಂದ ಮತ್ತು ಸರಿಯಾದ ಕಾಗದದಿಂದ. ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಗುಂಪುಗಳಿವೆ, ಸಹಕಾರ ಸಂಘಗಳನ್ನು ಬಲ್ಲ ನಿವೃತ್ತ ಬ್ಯಾಂಕ್ ಉದ್ಯೋಗಿಗಳಿದ್ದಾರೆ, ಜಮೀನಿನ ದಾಖಲೆ ಓದಬಲ್ಲ ವಕೀಲರಿದ್ದಾರೆ. ಹಕ್ಕುಪತ್ರ ಸರಿಪಡಿಸಿಕೊಡುವುದು ಅಕ್ಕಿ ಚೀಲ ಕೊಡುವುದಕ್ಕಿಂತ ನಿಧಾನದ ಕೆಲಸ. ಆದರೆ ಅಕ್ಕಿ ಒಂದು ತಿಂಗಳಿಗೆ, ಕಾಗದ ಮೊಮ್ಮಕ್ಕಳಿಗೆ.

ನಾವು ಮುಂಬಯಿಯಿಂದ ಹಿಂದಿರುಗಿದ ಮೇಲೆ ಆ ಅರ್ಜಿಯನ್ನು ಮತ್ತೆ ಸಭೆಯ ಮುಂದಿಟ್ಟೆವು. ಈ ಬಾರಿ ಯಾರೂ ಆಕ್ಷೇಪಿಸಲಿಲ್ಲ. ಮಾಡಿನ ರಿಪೇರಿ ಆಯಿತು. ಆದರೆ ಒಂದು ಮಳೆಗಾಲ ಆ ಬಾಯಮ್ಮ ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನಿಟ್ಟುಕೊಂಡು ಕಳೆದಿದ್ದರು. ಅದನ್ನು ತುಂಬಿಕೊಡಲು ನಮ್ಮಿಂದ ಆಗಲಿಲ್ಲ. ಮುಂದಿನ ಸಲ ಯಾರಾದರೂ ಒಂದು ಊರಿನ ಹೆಸರು ಹೇಳಿ ಒಂದು ಮನೆಯ ಲೆಕ್ಕ ಮುಗಿಸಲು ಹೊರಟರೆ, ನಮ್ಮಲ್ಲಿ ಒಬ್ಬರಾದರೂ ಎದ್ದು "ಆ ಮನೆಗೆ ಹೋಗಿ ನೋಡಿದ್ದೀರಾ?" ಎಂದು ಕೇಳುವಂತಾಗಲಿ.